ಅಪ್‌ಡೇಟ್: ಉದ್ದ ಬೆಳೆದಿದ್ದ ಎಚೆವೇರಿಯಾ ಈಗ ಚೇತರಿಸಿಕೊಂಡಿದೆ

ನನ್ನ ಎಚೆವೇರಿಯಾದ (ದಪ್ಪ ಎಲೆಗಳಲ್ಲಿ ನೀರು ಹಿಡಿದಿಡುವ ಪುಟ್ಟ ಗಿಡ) ಕಾಂಡ ಸುಮ್ನೆ ಉದ್ದವಾಗುತ್ತಿದೆ, ಗೊಬ್ಬರ ಸಾಲದೇ ಅಂತ ಫೆಬ್ರವರಿಯಲ್ಲಿ ಇಲ್ಲಿ ಕೇಳಿದ್ದೆ. ಗೊಬ್ಬರ ಅಲ್ಲ, ಬೆಳಕು ಸಾಲದು ಅಂತ ನೀವೆಲ್ಲ ಅಂದಿದ್ದಿರಿ. ಅದೇ ನಿಜ.

ಟಿವಿ ಪಕ್ಕದಿಂದ ತೆಗೆದು ಪೂರ್ವದ ಕಿಟಕಿಯಲ್ಲಿಟ್ಟೆ. ಮೊದಲ ವಾರ ದಿನಕ್ಕೆ 1 ಗಂಟೆ ಎಳೆಬಿಸಿಲು, ಆಮೇಲೆ ನಿಧಾನವಾಗಿ 3–4 ಗಂಟೆ. ನಡುವೆ ಒಂದು ದಿನ ಆತುರಪಟ್ಟು ತಾರಸಿಗೆ ಒಯ್ದಿದ್ದೆ. ಚಿತ್ರದುರ್ಗದ ಏಪ್ರಿಲ್ ಬಿಸಿಲು ಗೊತ್ತಲ್ವಾ? ಮಧ್ಯಾಹ್ನದೊಳಗೆ ಎರಡು ಎಲೆ ಸುಟ್ಟು ಕಂದಾದವು. ಆ ಕಲೆ ಇನ್ನು ಹೋಗುವುದಿಲ್ಲ, ಪಾಪ.

ಈಗ ನಡುವಿನ ಹೊಸ ಎಲೆಗಳು ಒತ್ತೊತ್ತಾಗಿ, ದಪ್ಪಗೆ ಬರುತ್ತಿವೆ. ಅಂಚು ಸ್ವಲ್ಪ ಕೆಂಪಾಗಿದೆ. ನೋಡಿದಾಗೆಲ್ಲ ತುಂಬಾ ಖುಷಿ! ಉದ್ದವಾದ ಕಾಂಡ ಮಾತ್ರ ಮತ್ತೆ ಗಿಡ್ಡವಾಗುವುದಿಲ್ಲ. ಮಳೆಗಾಲ ಮುಗಿದ ಮೇಲೆ ತಲೆಭಾಗ ಕತ್ತರಿಸಿ, ಗಾಯ ನಾಲ್ಕೈದು ದಿನ ಒಣಗಿಸಿ, ಬೇರೆ ಕುಂಡದಲ್ಲಿ ನೆಡುತ್ತೇನೆ.