ಖರೀದಿಗೆ ಬೇರೆ ಸಾಫ್ಟ್‌ವೇರೋ, ಇಆರ್‌ಪಿ ಒಳಗಿನ ಮಾಡ್ಯೂಲೋ? ಅನುಭವ ಇದ್ದವರು ಹೇಳಿ

ಕೇಳಿದವರು: ಖರೀದಿ ವಿಭಾಗ
ನಮ್ಮದು ಯಂತ್ರದ ಬಿಡಿಭಾಗ ತಯಾರಿಸುವ ಕಂಪನಿ. ಇಂಡೆಂಟ್ (ಬೇಕಾದ ಮಾಲಿನ ಬೇಡಿಕೆ) ಎಕ್ಸೆಲ್‌ನಲ್ಲಿ, ಕೊಟೇಶನ್ ಈಮೇಲ್‌ನಲ್ಲಿ, ಪಿಒ (ಖರೀದಿ ಆದೇಶ) ಮಾತ್ರ ಇಆರ್‌ಪಿಯಲ್ಲಿ, ಅಂದರೆ ಇಡೀ ಕಂಪನಿಯ ಲೆಕ್ಕ, ದಾಸ್ತಾನು ನಡೆಸುವ ಸಾಫ್ಟ್‌ವೇರಿನಲ್ಲಿ. ಇಂಡೆಂಟ್‌ನಿಂದ ಪೇಮೆಂಟ್‌ವರೆಗೆ ಎಲ್ಲ ಡಿಜಿಟಲ್ ಆಗಲೇಬೇಕು ಅಂತ ಮ್ಯಾನೇಜ್‌ಮೆಂಟ್ ಪಟ್ಟು ಹಿಡಿದಿದೆ. ಇಆರ್‌ಪಿಯ ಮಾಡ್ಯೂಲನ್ನೇ ಬೆಳೆಸುವುದಾ, ಮೇಲೆ ಅರಿಬಾ, ಕೂಪಾ ಥರದ ಖರೀದಿ ಸಾಫ್ಟ್‌ವೇರನ್ನು ಕೂರಿಸುವುದಾ? ನಮ್ಮ ಸಪ್ಲೈಯರ್‌ಗಳಲ್ಲಿ ಹೆಚ್ಚಿನವರು ಸಣ್ಣವರು.

ಸ್ಟೋರ್ಸ್ ಇನ್‌ಚಾರ್ಜ್
ಯಾವುದನ್ನು ತಂದರೂ ಮೊದಲು ಐಟಂ ಮಾಸ್ಟರ್ (ಎಲ್ಲ ಮಾಲಿನ ಕೋಡ್ ಪಟ್ಟಿ) ನೋಡಿ ಸರ್. ನಮ್ಮಲ್ಲಿ ಆದದ್ದು ಕೇಳಿ. ಒಂದೇ ಬೇರಿಂಗ್‌ಗೆ 'ಬೇರಿಂಗ್ 6205' ಅಂತ ಒಂದು ಕೋಡ್, 'ಬಾಲ್ ಬೇರಿಂಗ್ 25×52×15' ಅಂತ ಇನ್ನೊಂದು, ತಯಾರಕರ ಹೆಸರು ಸೇರಿಸಿ ಮತ್ತೊಂದು. ಒಂದು ಕೋಡ್‌ನಲ್ಲಿ ಮಾಲು ರಾಶಿ ಬಿದ್ದಿರುವಾಗಲೇ ಇನ್ನೊಂದರಲ್ಲಿ ಅರ್ಜೆಂಟ್ ಇಂಡೆಂಟ್ ಏಳುತ್ತಿತ್ತು.

ಡೇಟಾ ಶುದ್ಧ ಮಾಡಲು ಬಂದವರು ಡಬಲ್ ಕೋಡ್‌ಗಳನ್ನು ಸಾಫ್ಟ್‌ವೇರ್‌ನಲ್ಲೇ ಹುಡುಕಿ ಕೂಡಿಸಿದರು. ಅದಕ್ಕೆ 6205 ಝಡ್‌ಝಡ್, 6205 2ಆರ್‌ಎಸ್ ಎರಡೂ ಒಂದೇ ಆಗಿ ಕಂಡವು. ಒಳವ್ಯಾಸ, ಹೊರವ್ಯಾಸ, ಅಗಲ ಎಲ್ಲ ಸಮ, ನಿಜ. ಆದರೆ ಮೊದಲನೆಯದಕ್ಕೆ ಎರಡೂ ಬದಿ ಲೋಹದ ಶೀಲ್ಡ್, ಎರಡನೆಯದಕ್ಕೆ ರಬ್ಬರ್ ಸೀಲ್. ನೀರು ಚಿಮ್ಮುವ ಲೈನಿಗೆ ಝಡ್‌ಝಡ್ ಹೋಯಿತು. ಗ್ರೀಸ್ ತೊಳೆದುಹೋಗಿ ಬೇರಿಂಗ್ ಜಾಮ್ ಆಯಿತು, ಲೈನ್ ನಿಂತಿತು. ಬೈಸಿಕೊಂಡದ್ದು ಸ್ಟೋರ್ಸ್.

ಖರ್ಚು ಎಲ್ಲಿ ಅಡಗಿರುತ್ತೆ ಅಂದರೆ, ಕೊಟೇಶನ್‌ನಲ್ಲಿ ಲೈಸೆನ್ಸ್, ಇಂಪ್ಲಿಮೆಂಟೇಶನ್, ಟ್ರೇನಿಂಗ್ ದೊಡ್ಡದಾಗಿ ಇರುತ್ತವೆ. 'ಮಾಸ್ಟರ್ ಡೇಟಾ ಗ್ರಾಹಕರ ಜವಾಬ್ದಾರಿ' ಅನ್ನುವ ಸಾಲು ಅನುಬಂಧದ ಕೊನೆಯಲ್ಲಿ. ಕೇಬಲ್ ತರಿಸುವುದು ರೋಲ್ ಲೆಕ್ಕದಲ್ಲಿ, ಇಶ್ಯೂ ಮಾಡುವುದು ಮೀಟರ್ ಲೆಕ್ಕದಲ್ಲಿ. ಎಷ್ಟು ಮೀಟರಿಗೆ ಒಂದು ರೋಲ್ ಅಂತ ಯಾರೂ ತುಂಬಿರಲಿಲ್ಲ, ಸಿಸ್ಟಮ್ ಒಂದು ರೋಲ್ ಅಂದರೆ ಒಂದು ಮೀಟರ್ ಅಂದುಕೊಂಡಿತು. ಆಮೇಲೆ ನಾನು, ನಮ್ಮ ಹುಡುಗರು ರ‍್ಯಾಕಿನಿಂದ ರ‍್ಯಾಕಿಗೆ ಹೋಗಿ, ಪೆಟ್ಟಿಗೆ ಬಿಚ್ಚಿ, ಒಂದೊಂದೇ ಸರಿ ಮಾಡಿದೆವು. ಆ ಓವರ್‌ಟೈಮ್ ಯಾವ ಪ್ರಾಜೆಕ್ಟ್ ಬಜೆಟ್ಟಿನಲ್ಲೂ ಇರಲಿಲ್ಲ. ಆದರೆ ಇವತ್ತು ನಮ್ಮ ಐಟಂ ಮಾಸ್ಟರ್ ಮೇಲೆ ಬೊಟ್ಟು ಮಾಡಿ ತೋರಿಸುವವರು ಇಲ್ಲ.

ಸಣ್ಣ ಸಪ್ಲೈಯರ್
ನಾನು ಮಾರುವ ಕಡೆಯವನು. ನಮ್ಮನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಒಬ್ಬೊಬ್ಬ ಗ್ರಾಹಕನಿಗೂ ಒಂದೊಂದು ಪೋರ್ಟಲ್. ಅದೇ ಸರ್ಟಿಫಿಕೇಟ್, ಅದೇ ಬ್ಯಾಂಕ್ ವಿವರ, ಮತ್ತೆ ಮತ್ತೆ ಅಪ್‌ಲೋಡ್. ಒಂದು ಕಡೆ ವಹಿವಾಟು ಒಂದು ಮಿತಿ ದಾಟಿದ ಕೂಡಲೇ ನಾವೇ ಶೇಕಡಾ ಲೆಕ್ಕದಲ್ಲಿ ಫೀ ಕಟ್ಟಬೇಕು ಅಂದರು. ಮಾಲೂ ನಂದು, ಬಿಲ್ ಕಳಿಸಲು ದುಡ್ಡೂ ನಂದಾ? ಮುಂದಿನ ಕೊಟೇಶನ್‌ನಲ್ಲಿ ಅದನ್ನು ದರಕ್ಕೇ ಸೇರಿಸಿದೆ. ದೊಡ್ಡ ಕಂಪನಿಗೆ ಉಳಿತಾಯ ಅಂತ ವರದಿ ಹೋಗಿರುತ್ತದೆ, ಅದೇ ದುಡ್ಡು ಇನ್ನೊಂದು ಬಾಗಿಲಿಂದ ಹೊರಗೆ ಹೋಗಿದೆ.

ಇನ್ನೊಂದು ಕಷ್ಟ ಪಿಒ ತಿದ್ದುಪಡಿಯದು. ಮೊದಲ ಪಿಒ ಪ್ರಕಾರ ಮಾಲು ಲಾರಿ ಹತ್ತಿತ್ತು, ಅಷ್ಟರಲ್ಲಿ ಬಯ್ಯರ್ ಡೆಲಿವರಿ ತಾರೀಖು ತಿದ್ದಿದರು. ಪೋರ್ಟಲ್ ಹೊಸ ಆವೃತ್ತಿಗೆ ಮಾತ್ರ ಇನ್‌ವಾಯ್ಸ್ ತೆಗೆದುಕೊಳ್ಳುತ್ತೆ, ಅದನ್ನು ನಾನು ಒಪ್ಪಿಕೊಂಡರೆ ಡೆಲಿವರಿ 'ಅವಧಿಗೆ ಮುಂಚೆ' ಅಂತ ನನ್ನ ರೇಟಿಂಗ್ ಇಳಿಯುತ್ತೆ. ಫೋನ್ ಮಾಡಿದರೆ ಟಿಕೆಟ್ ಹಾಕಿ ಅನ್ನುತ್ತಾರೆ. ಅಕೌಂಟ್ಸ್‌ನವರಂತೂ ಬೇಕಂತಲೇ ಪೇಮೆಂಟ್ ಹಿಡಿಯಲು ಇದನ್ನು ಬಳಸುತ್ತಾರೆ.

ಅಕೌಂಟ್ಸ್ ಪೇಯಬಲ್
'ಬೇಕಂತಲೇ' ಅನ್ನುವ ಮಾತು ವಾಪಸ್ ತಗೊಳ್ಳಿ. ಪಿಒ, ಜಿಆರ್‌ಎನ್ (ಮಾಲು ಸ್ವೀಕರಿಸಿದ ದಾಖಲೆ), ಇನ್‌ವಾಯ್ಸ್ ಮೂರೂ ತಾಳೆಯಾಗದಿದ್ದರೆ ನಾನು ಪಾವತಿ ಮಾಡುವ ಹಾಗಿಲ್ಲ. ನಮ್ಮಲ್ಲಿ ಶುರುವಿಗೆ ಟಾಲರೆನ್ಸ್ (ಒಪ್ಪಬಹುದಾದ ವ್ಯತ್ಯಾಸ) ಸೊನ್ನೆ ಇಟ್ಟಿದ್ದರು. ದಶಮಾಂಶ ಪೂರ್ಣಾಂಕ ಮಾಡುವಲ್ಲಿ ವ್ಯತ್ಯಾಸ ಬಂದರೂ ಬಿಲ್ ಬ್ಲಾಕ್. ಸಾಗಣೆ ವೆಚ್ಚ ಪಿಒದಲ್ಲಿ ಬೇರೆ ಸಾಲಾಗಿ ಇಲ್ಲದಿದ್ದರೂ ಬ್ಲಾಕ್. ಶೇಕಡಾವಾರು ಒಂದು ಮಿತಿ, ಮೊತ್ತಕ್ಕೆ ಒಂದು ಮಿತಿ, ಎರಡರಲ್ಲಿ ಯಾವುದು ಕಡಿಮೆಯೋ ಅದು ಅಂತ ನಾನೇ ಕೂತು ವಾದಿಸಿ ಹಾಕಿಸಿದೆ. ಈಗ ಸರಿಯಿರುವ ಬಿಲ್ ಯಾರ ಕೈಗೂ ಬರದೆ ಪಾಸ್ ಆಗುತ್ತೆ.

ಪೋರ್ಟಲ್ ಯಾಕೆ ಬೇಕು ಅಂತ ಕೇಳುವವರಿಗೆ ಇನ್ನೊಂದು ಮಾತು. 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ಮುಂದೆ ಇದಕ್ಕೆ ಹಾಕಿ' ಅಂತ ಸಪ್ಲೈಯರ್ ಲೆಟರ್‌ಹೆಡ್ಡಿನಲ್ಲೇ ಮೇಲ್ ಬಂತು. ವಿಳಾಸದಲ್ಲಿ ಒಂದೇ ಅಕ್ಷರ ಬೇರೆ. ಖಾತೆ ಬದಲಾವಣೆ ಪೋರ್ಟಲ್ ಮೂಲಕವೇ ಬರಬೇಕು, ಹಳೆಯ ನಂಬರಿಗೆ ಫೋನ್ ಮಾಡಿ ಇಬ್ಬರು ಒಪ್ಪಿಗೆ ಕೊಡಬೇಕು ಅನ್ನುವ ನಿಯಮ ನಾನು ಹಾಕಿಸಿದ್ದರಿಂದ ದುಡ್ಡು ಉಳಿಯಿತು. ಆ ದುಡ್ಡು ನಿಮ್ಮಂಥ ಸಪ್ಲೈಯರದ್ದೇ.

ಕನ್ಸಲ್ಟೆಂಟ್
ಎಲ್ಲರೂ ಹಳೆ ಕಾಲದ ಸಮಸ್ಯೆ ಹೇಳುತ್ತಿದ್ದೀರಿ. ಬ್ಲಾಕ್‌ಚೈನ್ ಮೇಲೆ ಎಲ್ಲರಿಗೂ ಒಂದೇ ದಾಖಲೆ ಇದ್ದರೆ ಮೂರು ಕಾಗದ ತಾಳೆ ನೋಡುವ ಪ್ರಶ್ನೆಯೇ ಬರಲ್ಲ.

ಲಾಜಿಸ್ಟಿಕ್ಸ್
ಟ್ರೇಡ್‌ಲೆನ್ಸ್ ನೆನಪಿದೆಯಾ? ಹಡಗು ಸಾಗಣೆಯ ದಾಖಲೆಗಳಿಗೆ ಮೇರ್ಸ್ಕ್, ಐಬಿಎಂ ಸೇರಿ ಕಟ್ಟಿದ್ದ ಬ್ಲಾಕ್‌ಚೈನ್ ವೇದಿಕೆ. ಜಗತ್ತಿನ ಅತಿ ದೊಡ್ಡ ಹಡಗು ಕಂಪನಿಗಳಲ್ಲೊಂದಾದ ಮೇರ್ಸ್ಕೇ ಹಿಂದೆ ನಿಂತಿದ್ದರೂ 2022ರ ನವೆಂಬರ್‌ನಲ್ಲಿ ಮುಚ್ಚುತ್ತೇವೆ ಅಂದರು. ಪ್ರತಿಸ್ಪರ್ಧಿ ನಡೆಸುವ ವೇದಿಕೆಗೆ ತನ್ನ ಡೇಟಾ ಕೊಡಲು ಯಾರು ತಾನೇ ಓಡಿ ಬರುತ್ತಾರೆ? ಮೇಲಾಗಿ, ಕಂಟೇನರ್‌ನಲ್ಲಿ ತಪ್ಪು ಮಾಲು ತುಂಬಿದ್ದರೆ ಯಾವ ಚೈನ್ ಹಿಡಿಯುತ್ತೆ?

ಕನ್ಸಲ್ಟೆಂಟ್
ಒಂದು ಸೋಲು ಹಿಡಿದು ಎಲ್ಲವನ್ನೂ ಅಳೆಯಬೇಡಿ. ಜರ್ಮನಿಯ ಸೂಪರ್‌ಮಾರ್ಕೆಟ್ ಸರಣಿ ಲಿಡ್ಲ್ 2018ರಲ್ಲಿ ಎಸ್‌ಎಪಿ ಕಂಪನಿಯ ಇಆರ್‌ಪಿ ಯೋಜನೆಯನ್ನೇ ಕೈಬಿಟ್ಟಿತು, ಸುಮಾರು 50 ಕೋಟಿ ಯೂರೋ ಅಂತ ವರದಿಗಳು ಬಂದವು. ಹಾಗಂತ ಇಆರ್‌ಪಿ ಬೇಡ ಅನ್ನುತ್ತೀರಾ?

ಲಾಜಿಸ್ಟಿಕ್ಸ್
ಲಿಡ್ಲ್ ಕಥೆ ನಿಮಗೇ ತಿರುಗುಬಾಣ. ಅವರು ದಾಸ್ತಾನನ್ನು ಖರೀದಿ ಬೆಲೆಯಲ್ಲಿ ಲೆಕ್ಕ ಹಾಕುತ್ತಿದ್ದರು, ಸಾಫ್ಟ್‌ವೇರ್ ಚಿಲ್ಲರೆ ಮಾರಾಟ ಬೆಲೆ ಹಿಡಿಯುತ್ತಿತ್ತು. ಪದ್ಧತಿ ಬಿಡಲಿಲ್ಲ, ಸಾಫ್ಟ್‌ವೇರನ್ನೇ ಬಗ್ಗಿಸಲು ಹೋದರು. ಮಾತಿಗೊಮ್ಮೆ ಕಸ್ಟಮೈಸ್ ಮಾಡಿಕೊಡುತ್ತೇವೆ ಅಂತ ಕಂಪನಿಗಳ ಕಿವಿ ತುಂಬುವವರು ಯಾರು ಸ್ವಾಮಿ?

ಕೇಳಿದವರು: ಖರೀದಿ ವಿಭಾಗ
ದಯವಿಟ್ಟು ಮಾಡ್ಯೂಲ್ ವಿಷಯಕ್ಕೆ ಬನ್ನಿ. ನಮ್ಮದು ಎಸ್‌ಎಪಿಯ ಹಳೆಯ ಇಆರ್‌ಪಿ ಆವೃತ್ತಿ, ಇಸಿಸಿ.

ಐಟಿ ವಿಭಾಗ
ಇಸಿಸಿ ಅಂದರೆ ಅದರ ಹೊಸ ಸುಧಾರಣಾ ಪ್ಯಾಕ್‌ಗಳಿಗೂ ಎಸ್‌ಎಪಿಯ ಸಾಮಾನ್ಯ ನಿರ್ವಹಣೆ 2027ರ ಕೊನೆಗೆ ಮುಗಿಯುತ್ತೆ. ನಾವು ಅದರ ಮೇಲೆಯೇ ಖರೀದಿ ಸಾಫ್ಟ್‌ವೇರ್ ಕೂರಿಸಿದೆವು. ಸಪ್ಲೈಯರ್ ಮಾಸ್ಟರ್, ಕಾಸ್ಟ್ ಸೆಂಟರ್, ತೆರಿಗೆ ಕೋಡ್, ಜಿಆರ್‌ಎನ್, ಪ್ರತಿಯೊಂದಕ್ಕೂ ಎರಡು ಸಾಫ್ಟ್‌ವೇರ್ ಜೋಡಿಸುವ ಇಂಟರ್‌ಫೇಸ್, ಪ್ರತಿಯೊಂದಕ್ಕೂ ಟೆಸ್ಟಿಂಗ್, ನಡುವಿನ ಮಿಡಲ್‌ವೇರ್‌ಗೆ ಬೇರೆ ಚಂದಾ. ಇಂಟರ್‌ಫೇಸ್ ರಾತ್ರಿ ಬಿದ್ದರೆ ಬೆಳಿಗ್ಗೆ ಪಿಒ ಒಂದು ಕಡೆ ಇರುತ್ತೆ, ಇನ್ನೊಂದು ಕಡೆ ಇರಲ್ಲ. ಎಸ್‌ಎಪಿಯ ಹೊಸ ಆವೃತ್ತಿ ಎಸ್/4ಗೆ ಹೋಗುವಾಗ ಇವನ್ನೆಲ್ಲ ಹೊಸದಾಗಿ ಕಟ್ಟುತ್ತಿದ್ದೇವೆ. ಮಾರಿದವರು ಈ ಎರಡನೇ ಖರ್ಚಿನ ಸೊಲ್ಲೇ ಎತ್ತಿರಲಿಲ್ಲ, ಅದರ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಸಣ್ಣ ಸಪ್ಲೈಯರ್
ಅಕೌಂಟ್ಸ್ ಮೇಡಂಗೆ: ಮಾತು ವಾಪಸ್ ತಗೊಳ್ಳಲ್ಲ. ಬಿಲ್ ತಪ್ಪಿಲ್ಲದಿದ್ದರೂ 'ಜಿಆರ್‌ಎನ್ ಆಗಿಲ್ಲ' ಅಂತ ನಿಲ್ಲಿಸುತ್ತೀರಿ. ಮಾಲು ನಿಮ್ಮ ಗೇಟಿನೊಳಗೆ ಹೋಗಿದ್ದಕ್ಕೆ ಸೀಲ್ ಹಾಕಿದ ಚಲನ್ ನನ್ನ ಕೈಯಲ್ಲಿದೆ.

ಅಕೌಂಟ್ಸ್ ಪೇಯಬಲ್
ಅದನ್ನು ಸ್ಟೋರ್ಸ್‌ನವರನ್ನು ಕೇಳಿ. ಜಿಆರ್‌ಎನ್ ಹಾಕುವುದು ನಾನಲ್ಲ.

ಸ್ಟೋರ್ಸ್ ಇನ್‌ಚಾರ್ಜ್
ಎಲ್ಲ ಕಡೆ ತಿರುಗಿ ಕೊನೆಗೆ ನಮ್ಮ ತಲೆಗೇ. ಗೇಟ್ ಎಂಟ್ರಿ ಬೇರೆ, ಜಿಆರ್‌ಎನ್ ಬೇರೆ. ಎಣಿಕೆ ನನ್ನ ಕೆಲಸ, ಮಾಲು ಬಂದ ದಿನವೇ ಮುಗಿಸುತ್ತೇನೆ. ತಪಾಸಣೆಗೆ ಹೋದ ಮಾಲು ಕ್ವಾಲಿಟಿಯವರು ಬಿಡುವವರೆಗೆ ಸಿಸ್ಟಮ್‌ನಲ್ಲಿ ತಡೆಹಿಡಿದ ಸ್ಟಾಕ್. ನಿಮ್ಮ ಕಂಪನಿಗಳಲ್ಲಿ ಎಣಿಸಿದ ಕೂಡಲೇ ಒಂದು ಎಂಟ್ರಿ, ಒಪ್ಪಿದ ಮೇಲೆ ಇನ್ನೊಂದು ಎಂಟ್ರಿ ಅಂತ ಎರಡು ಹಂತ ಇಟ್ಟು, ಎರಡರ ತಾರೀಖನ್ನೂ ಸಪ್ಲೈಯರ್ ಪೋರ್ಟಲ್‌ನಲ್ಲಿ ತೋರಿಸಿ. ಯಾರ ಮೇಜಿನ ಮೇಲೆ ಕೂತಿದೆ ಅಂತ ಅವರಿಗೂ ಗೊತ್ತಾಗಲಿ.