ಹಳೆ ಕಂಪ್ಯೂಟರಿಗೆ ಯಾವ ಓಎಸ್ (ಆಪರೇಟಿಂಗ್ ಸಿಸ್ಟಮ್) ಚುರುಕು? ಗೊತ್ತಿದ್ದವರು ಹೇಳಿ

ನೀರ್ಚಾಲಿನಿಂದ ಪ್ರಶ್ನೆ: ಊರಿನ ವಾಚನಾಲಯಕ್ಕೆ ಮೂರು ಹಳೆ ಡೆಸ್ಕ್‌ಟಾಪ್ ಬಂದಿವೆ. ಮೂರೂ ಇಂಟೆಲ್ ಐ3-3220 ಪ್ರೊಸೆಸರ್, ಎಚ್61 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಈಗ ವಿಂಡೋಸ್ 10 ಉಂಟು, ತುಂಬಾ ನಿಧಾನ. ಮಕ್ಕಳಿಗೆ ಬ್ರೌಸರ್, ಕನ್ನಡ-ಮಲಯಾಳ ಟೈಪಿಂಗ್, ಸ್ವಲ್ಪ ಪ್ರಿಂಟ್ ಆದರೆ ಸಾಕು. ವಿಂಡೋಸ್ 11, ಲಿನಕ್ಸ್ ಜಾತಿಯ ಉಬುಂಟು, ಮಿಂಟ್, ಕೇರಳದ ಶಾಲೆಗಳಲ್ಲಿರುವ ಕೈಟ್ ಲಿನಕ್ಸ್ – ಯಾವುದು ವೇಗ? ನಾವೇ ಹೋಲಿಸಿ ನೋಡುವುದು ಹೇಗೆ?

ಬದಿಯಡ್ಕದಿಂದ: ಮಾಷ್ಟ್ರೇ, ಓಎಸ್ ಬದಲಿಸುವ ಮೊದಲು ಡಿಸ್ಕ್ ಬದಲಿಸಿ. ಹಾರ್ಡ್ ಡಿಸ್ಕ್ ಒಂದೇ ಸಮನೆ ಓದುವಾಗ ಸೆಕೆಂಡಿಗೆ 100 ಎಂಬಿ ಕೊಟ್ಟರೂ ಅಲ್ಲಲ್ಲಿ ಚದುರಿದ ಸಣ್ಣ ಸಣ್ಣ ಫೈಲುಗಳನ್ನು ಹೆಕ್ಕುವಾಗ 1 ಎಂಬಿಗೆ ಇಳಿಯುತ್ತದೆ. ಓಎಸ್ ಏಳುವುದು, ಬ್ರೌಸರ್ ತೆರೆಯುವುದು ಎಲ್ಲ ಈ ಎರಡನೇ ಜಾತಿಯ ಕೆಲಸ. ಎಚ್61ರಲ್ಲಿ ಇರುವುದು 3 ಜಿಬಿಪಿಎಸ್ ಸಾಟಾ (ಡಿಸ್ಕ್ ಜೋಡಿಸುವ ಸಂಪರ್ಕ) ಮಾತ್ರ, ಹಾಗಾಗಿ ಎಂಥ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ಗಳ ಡಿಸ್ಕ್) ಹಾಕಿದರೂ ಸೆಕೆಂಡಿಗೆ 270-280 ಎಂಬಿಗಿಂತ ಮೇಲೆ ಹೋಗದು. ಅದಕ್ಕೇ ದುಬಾರಿಯದ್ದು ಬೇಡ. 240 ಅಥವಾ 256 ಜಿಬಿಯ ಸಾಧಾರಣ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಧಾರಾಳ ಸಾಕು. ಸಣ್ಣ ಫೈಲುಗಳ ಕೆಲಸದಲ್ಲಿ ಅದು ಹಾರ್ಡ್ ಡಿಸ್ಕಿಗಿಂತ ಎಷ್ಟೋ ಪಟ್ಟು ಮುಂದೆ.

ಒಂದು ಎಚ್ಚರಿಕೆ. ಹಳೆ ಬೋರ್ಡುಗಳ ಬಯಾಸ್‌ನಲ್ಲಿ (ಓಎಸ್ ಏಳುವ ಮೊದಲು ಸಿಗುವ ಬೋರ್ಡಿನ ಸೆಟ್ಟಿಂಗ್ ಪರದೆ) ಸಾಟಾ ಮೋಡ್ ಹಳೆ ಕ್ರಮದ ಐಡಿಇ ಎಂದಿರಬಹುದು. ಹೊಸ ಓಎಸ್ ಹಾಕುವ ಮೊದಲೇ ಅದನ್ನು ಹೊಸ ಕ್ರಮದ ಎಎಚ್‌ಸಿಐ ಮಾಡಿ. ಹಳೆ ವಿಂಡೋಸ್ ಇರುವಾಗಲೇ ಬದಲಿಸಿದರೆ ಅದು ನೀಲಿ ಪರದೆಗೆ ನಿಲ್ಲುತ್ತದೆ. ಹಾಗಾದರೆ ಹೆದರಬೇಡಿ, ಮೋಡ್ ಹಿಂದಿನಂತೆ ಮಾಡಿದರೆ ಪುನಃ ಏಳುತ್ತದೆ.

ಮಳೆಗಾಲದ ತೇವಕ್ಕೆ ರ‍್ಯಾಮಿನ ಕಾಲುಗಳು ಮಂಕಾಗಿದ್ದರೆ ಪೆನ್ಸಿಲಿನ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಕೂರಿಸಿ.

ಕುಂಬಳೆಯಿಂದ: ಹೋಲಿಸುವ ಕ್ರಮ ಹೇಳುತ್ತೇನೆ, ಹೆಚ್ಚಿನವರು ಎಡವುವುದು ಇಲ್ಲಿಯೇ.

ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಮಾಡಿದರೂ ಕರ್ನಲ್ (ಓಎಸ್ಸಿನ ತಿರುಳು) ಪೂರ್ತಿ ಮುಚ್ಚುವುದಿಲ್ಲ. ಅದರ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮರುದಿನ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ಲಿನಕ್ಸ್ ಪ್ರತಿ ಸಲವೂ ಮೊದಲಿನಿಂದ ಏಳುತ್ತದೆ. ಹಾಗಾಗಿ ಎರಡರಲ್ಲೂ ರೀಸ್ಟಾರ್ಟ್ ಮಾಡಿಯೇ ಸಮಯ ನೋಡಿ. ಲಾಗಿನ್ ಪರದೆ ಬಂದದ್ದನ್ನು ಲೆಕ್ಕ ಹಿಡಿಯಬೇಡಿ, ಅದರ ನಂತರವೂ ಹಿಂದೆ ಕೆಲಸ ನಡೆಯುತ್ತಿರುತ್ತದೆ. ಬ್ರೌಸರಿನಲ್ಲಿ ಒಂದು ಪುಟ ಪೂರ್ತಿ ತೆರೆಯುವವರೆಗೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿಯಿರಿ. ಮೂರು ಸಲ ನೋಡಿ ನಡುವಿನ ಸಂಖ್ಯೆ ಬರೆದುಕೊಳ್ಳಿ.

ಹೊಸದಾಗಿ ಹಾಕಿದ ಓಎಸ್ಸನ್ನು ಆ ದಿನವೇ ಅಳೆಯಬೇಡಿ. ವಿಂಡೋಸ್ ಅಪ್‌ಡೇಟ್ ಇಳಿಸಿಕೊಳ್ಳುತ್ತದೆ, ಡಿಫೆಂಡರ್ ಸ್ಕ್ಯಾನ್ ಮಾಡುತ್ತದೆ, ಸರ್ಚ್ ಇಂಡೆಕ್ಸ್ ಕಟ್ಟುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100% ಕಾಣುವುದು ಇದರಿಂದಲೇ. ಲಿನಕ್ಸಿನಲ್ಲೂ ಮೊದಲ ಅಪ್‌ಡೇಟ್ ಮುಗಿಯಲಿ. ಒಂದು ಪ್ರೋಗ್ರಾಮ್ ಮೊದಲ ಸಲ ತೆರೆದದ್ದು, ಎರಡನೇ ಸಲ ತೆರೆದದ್ದು ಬೇರೆ ಬೇರೆ ಬರೆದಿಡಿ. ಎರಡನೇ ಸಲ ಫೈಲುಗಳು ರ‍್ಯಾಮಿನಲ್ಲೇ ಇರುತ್ತವೆ, ಡಿಸ್ಕ್ ಹೆಚ್ಚು ಮುಟ್ಟುವುದಿಲ್ಲ.

ರ‍್ಯಾಮ್ ನೋಡುವಾಗಲೂ ಹಾಗೆಯೇ. ಲಿನಕ್ಸ್ ಖಾಲಿ ರ‍್ಯಾಮನ್ನು ಕ್ಯಾಶ್‌ಗೆ (ಒಮ್ಮೆ ಓದಿದ ಫೈಲುಗಳನ್ನು ಇಟ್ಟುಕೊಳ್ಳಲು) ಬಳಸುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ಆದ್ದರಿಂದ ಟರ್ಮಿನಲ್‌ನಲ್ಲಿ 'ಫ್ರೀ' ಕಮಾಂಡ್ ಕೊಟ್ಟಾಗ 'ಅವೈಲಬಲ್' ಕಾಲಮ್ ನೋಡಿ, 'ಫ್ರೀ' ಕಾಲಮ್ ಅಲ್ಲ. 4 ಜಿಬಿ ಯಂತ್ರದಲ್ಲಿ ಏನೂ ತೆರೆಯದೆ ಹಗುರ ಪರದೆ ವ್ಯವಸ್ಥೆಯ ಮಿಂಟ್ ಎಕ್ಸ್‌ಎಫ್‌ಸಿಇ ಹೆಚ್ಚುಕಡಿಮೆ 1 ಜಿಬಿಯೊಳಗೆ ನಿಲ್ಲುತ್ತದೆ, ವಿಂಡೋಸ್ 10 ಸುಮಾರು 2 ಜಿಬಿ ಹಿಡಿಯುತ್ತದೆ. ಆದರೆ ಬ್ರೌಸರಿನ ಟ್ಯಾಬುಗಳು ಎರಡು ಕಡೆಯೂ ಹೆಚ್ಚುಕಡಿಮೆ ಅಷ್ಟೇ ತಿನ್ನುತ್ತವೆ. ಲಿನಕ್ಸ್ ಹಾಕಿದೊಡನೆ ಇಪ್ಪತ್ತು ಟ್ಯಾಬ್ ತೆರೆಯಬಹುದು ಎಂದು ಎಣಿಸಬೇಡಿ.

ನೀರ್ಚಾಲಿನಿಂದ: ಅಂದರೆ 4 ಜಿಬಿ ಸಾಲದಾ?

ಕುಂಬಳೆಯಿಂದ: ಐದಾರು ಟ್ಯಾಬಿಗೆ ಸಾಕು. ಆದರೂ ಇನ್ನೊಂದು 4 ಜಿಬಿ ಕಡ್ಡಿ ಹಾಕುವುದೇ ಒಳ್ಳೆಯದು. ಡಿಡಿಆರ್3, 1600, ಡೆಸ್ಕ್‌ಟಾಪಿನದ್ದು ಎಂದು ಸ್ಪಷ್ಟ ಹೇಳಿ ತನ್ನಿ, ಲ್ಯಾಪ್‌ಟಾಪಿನ ಗಿಡ್ಡ ಕಡ್ಡಿ ಕೂರುವುದಿಲ್ಲ. ಎರಡು ಸ್ಲಾಟಿನಲ್ಲೂ ಒಂದೊಂದು ಇದ್ದರೆ ಡ್ಯುಯಲ್ ಚಾನೆಲ್ ಆಗಿ ಎರಡರಿಂದಲೂ ಒಟ್ಟಿಗೆ ಓದುತ್ತದೆ. ಈ ಪ್ರೊಸೆಸರಿನ ಗ್ರಾಫಿಕ್ಸ್‌ಗೆ ಸ್ವಂತ ರ‍್ಯಾಮ್ ಇಲ್ಲ, ಅದಕ್ಕೂ ಉಪಕಾರ. ಈಗ ದುಡ್ಡಿಲ್ಲದಿದ್ದರೆ ಮಿಂಟ್‌ನಲ್ಲಿ ಝಡ್‌ರ‍್ಯಾಮ್-ಕಾನ್ಫಿಗ್ ಪ್ಯಾಕೇಜ್ ಹಾಕಿ. ರ‍್ಯಾಮ್ ತುಂಬಿದಾಗ ಹೆಚ್ಚಾದದ್ದನ್ನು ಡಿಸ್ಕಿಗೆ ತಳ್ಳುವ ಬದಲು ರ‍್ಯಾಮಿನೊಳಗೇ ಒತ್ತಿ ಇಡುತ್ತದೆ.

ಯೂಟ್ಯೂಬ್ ತಡವರಿಸಿದರೆ ಓಎಸ್ಸನ್ನು ದೂರಬೇಡಿ. ಅದರ ವಿಡಿಯೋಗಳಲ್ಲಿ ಈ ಗ್ರಾಫಿಕ್ಸ್ ಎಚ್.264 ಬಗೆಯದನ್ನು ಮಾತ್ರ ತಾನೇ ಬಿಡಿಸುತ್ತದೆ, ವಿಪಿ9 ಎಂಬ ಬಗೆ ಬಂದರೆ ಭಾರವೆಲ್ಲ ಪ್ರೊಸೆಸರಿನ ಮೇಲೆ. ವಿಡಿಯೋ ಗುಣಮಟ್ಟವನ್ನು 720ಕ್ಕೆ ಇಳಿಸಿ, ಅಥವಾ ಎಚ್.264 ಮಾತ್ರ ಕೇಳುವ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕಿ.

ಮಂಜೇಶ್ವರದಿಂದ: ವೇಗ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಪ್ರಿಂಟರ್ ಯಾವುದು? ಕ್ಯಾನನ್ ಎಲ್‌ಬಿಪಿ 2900 ಆದರೆ ಅದಕ್ಕೆ ಬೇಕಾದ ಕ್ಯಾಪ್ಟ್ ಡ್ರೈವರನ್ನು ಹೊಸ ಲಿನಕ್ಸಿನಲ್ಲಿ ಕೂರಿಸುವುದು ರಗಳೆ. ಎಚ್‌ಪಿ ಲೇಸರ್‌ಜೆಟ್ 1020 ಆದರೆ ಎಚ್‌ಪಿ-ಪ್ಲಗಿನ್ ಒಮ್ಮೆ ಇಳಿಸಿಕೊಂಡರೆ ಮುಗಿಯಿತು.

ಎರಡನೆಯದು ಕನ್ನಡ. ಲಿನಕ್ಸಿನಲ್ಲಿ ಐಬಸ್ ಮತ್ತು ಎಂ17ಎನ್ ಪ್ಯಾಕೇಜ್ ಹಾಕಿದರೆ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಸಿಗುತ್ತದೆ, ನುಡಿಯಲ್ಲಿ ಟೈಪ್ ಮಾಡಿ ರೂಢಿ ಇದ್ದವರಿಗೆ ಬೆರಳು ತಪ್ಪುವುದಿಲ್ಲ. ಮಲಯಾಳವನ್ನೂ ಅಲ್ಲೇ ಸೇರಿಸಬಹುದು. ಗುಬ್ಬಿ, ನವಿಲು, ಲೋಹಿತ್ ಫಾಂಟುಗಳೂ ಸಿಗುತ್ತವೆ. ಆದರೆ ವಾಚನಾಲಯದ ಹಳೆ ವರದಿ, ಆಮಂತ್ರಣಗಳು ನುಡಿಯ ಆಸ್ಕಿ (ಯುನಿಕೋಡ್ ಅಲ್ಲದ ಹಳೆ) ಫಾಂಟಿನಲ್ಲಿ, ಪೇಜ್‌ಮೇಕರಿನಲ್ಲಿ ಇದ್ದರೆ ಒಂದು ಯಂತ್ರದಲ್ಲಿ ವಿಂಡೋಸ್ ಉಳಿಸಿ, ಇಂಟರ್ನೆಟ್ ತಂತಿ ತೆಗೆದು ಇಡಿ. ವಿಂಡೋಸ್ 10ರ ಸಾಮಾನ್ಯ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. 11ಕ್ಕೆ ಇಂಟೆಲಿನ 8ನೇ ತಲೆಮಾರು ಮತ್ತು ಟಿಪಿಎಂ 2.0 (ಭದ್ರತಾ ಚಿಪ್) ಬೇಕು, ನಿಮ್ಮದು 3ನೇ ತಲೆಮಾರು. ನಿಯಮ ತಪ್ಪಿಸಿ ಹಾಕುವ ದಾರಿ ಉಂಟು, ಆದರೆ ಅಪ್‌ಡೇಟ್ ಸಿಕ್ಕೀತೆಂಬ ಭರವಸೆ ಇಲ್ಲ. ಮಕ್ಕಳ ಯಂತ್ರಕ್ಕೆ ಅದು ಖಂಡಿತ ಬೇಡ.

ಬದಿಯಡ್ಕದಿಂದ: ಕೈಟ್ ಲಿನಕ್ಸಿನ ವಿಚಾರ ಯಾರೂ ಹೇಳಲಿಲ್ಲ. ಅದರ 22.04 ಆವೃತ್ತಿ ಉಬುಂಟುವಿನ ಮೇಲೆ ಕಟ್ಟಿದ್ದು, ಶಾಲೆಯ ಐಟಿ ಪಾಠದ ಸಾಫ್ಟ್‌ವೇರುಗಳೆಲ್ಲ ಅದರಲ್ಲೇ ಇರುವುದರಿಂದ ಮಕ್ಕಳಿಗೆ ಪರಿಚಿತ. ಅದರ ಪರದೆ ವ್ಯವಸ್ಥೆಯಾದ ಗ್ನೋಮ್ ಡೆಸ್ಕ್‌ಟಾಪ್ ಭಾರ, 4 ಜಿಬಿಯಲ್ಲಿ ಏಗುತ್ತದೆ, 8 ಜಿಬಿ ಇದ್ದರೆ ಸಲೀಸು. ನನ್ನ ಮತ: ರ‍್ಯಾಮ್ ಹೆಚ್ಚಿಸುವ ಒಂದು ಯಂತ್ರಕ್ಕೆ ಕೈಟ್, ಇನ್ನೊಂದಕ್ಕೆ ಮಿಂಟ್ 22 ಎಕ್ಸ್‌ಎಫ್‌ಸಿಇ, ಅದಕ್ಕೆ 2029ರವರೆಗೆ ಅಪ್‌ಡೇಟ್ ಉಂಟು. ಹಾಕುವ ಮೊದಲು ಪೆನ್‌ಡ್ರೈವಿನಿಂದ ಲೈವ್ (ಡಿಸ್ಕಿಗೆ ಹಾಕದೆಯೇ) ಓಡಿಸಿ ಪ್ರಿಂಟರ್, ವೈಫೈ, ಧ್ವನಿ ಪರೀಕ್ಷಿಸಿ. ಲೈವ್‌ನಲ್ಲಿ ಕಂಡ ವೇಗ ಮಾತ್ರ ಲೆಕ್ಕಕ್ಕಿಲ್ಲ, ಅದು ಪೆನ್‌ಡ್ರೈವಿನ ವೇಗ.

ಮಂಜೇಶ್ವರದಿಂದ: ಒಂದೇ ಯಂತ್ರದಲ್ಲಿ ಎರಡೂ ಇಟ್ಟು ಹೋಲಿಸುವುದಾದರೆ ಗಡಿಯಾರ ಐದೂವರೆ ಗಂಟೆ ತಪ್ಪುತ್ತದೆ. ಬೋರ್ಡಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದೂ ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಎಂದೂ ಓದುವುದೇ ಕಾರಣ. ಅದಲ್ಲದೆ ದಿನಾಂಕವೇ ವರ್ಷಗಟ್ಟಲೆ ಹಿಂದೆ ಹೋದರೆ ಬ್ರೌಸರಿನಲ್ಲಿ ಸುರಕ್ಷಿತ ಪುಟಗಳು ತೆರೆಯುವುದಿಲ್ಲ. ಆಗ ಬೋರ್ಡಿನ ಸಿಆರ್2032 ಸೆಲ್ ಬದಲಿಸಿ.