ಐರಿಸ್ ಗೆಡ್ಡೆ ಮಣ್ಣಿನಿಂದ ಮೇಲೆದ್ದಿದೆ, ಎಲೆ ಕಂದಾಗಿದೆ: ಗಿಡ ಉಳಿಯುತ್ತಾ?

ಪ್ರಶ್ನೆ:
ನಾವಿರುವುದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಪಕ್ಕದ ಮನೆಯವರು ಅಕ್ಟೋಬರ್ ಮಧ್ಯದಲ್ಲಿ ಬಿಯರ್ಡೆಡ್ ಐರಿಸ್ (ಗೆಡ್ಡೆಯಿಂದ ಬೆಳೆಯುವ ಒಂದು ಹೂಗಿಡ) ಗೆಡ್ಡೆ ಕೊಟ್ಟರು, ಅವತ್ತೇ ನೆಟ್ಟೆ. ಈಗ ಏಪ್ರಿಲ್. ಕೆಲವು ಗೆಡ್ಡೆ ಮಣ್ಣಿನಿಂದ ಎದ್ದು ವಾಲಿಕೊಂಡಿವೆ. ಹೊಸ ಎಲೆಗಳ ತುದಿ ಹೋದ ವಾರದ ಚಳಿಗೆ ಕಂದಾಗಿದೆ. ಕಿತ್ತು ಎಸೆಯಲಾ?

ಉತ್ತರ:
ಬೇಡ, ಬೇಡ! ಮೊದಲು ಗೆಡ್ಡೆಯನ್ನು ಬೆರಳಲ್ಲಿ ಒತ್ತಿ ನೋಡಿ. ಶುಂಠಿಯ ಹಾಗೆ ಗಟ್ಟಿಯಾಗಿದ್ದರೆ ಜೀವ ಇದೆ. ಎಲೆ ಸುಟ್ಟಿದ್ದಕ್ಕೆ ಚಿಂತೆ ಬೇಡ, ಒಳಗಿನಿಂದ ಹೊಸದು ಬರುತ್ತದೆ. ಒಣಗಿದ ತುದಿ ಮಾತ್ರ ಕತ್ತರಿಸಿ.

ಗೆಡ್ಡೆಯನ್ನು ಮೇಲೆತ್ತಿದ್ದು ಬರೀ ಚಳಿ ಅಲ್ಲ. ಮಣ್ಣಿನ ನೀರು ಹೆಪ್ಪುಗಟ್ಟಿದಾಗ ಉಬ್ಬುತ್ತದೆ, ಕರಗಿದಾಗ ಇಳಿಯುತ್ತದೆ. ಇದು ಮತ್ತೆ ಮತ್ತೆ ಆದಾಗ ಬೇರು ಹಿಡಿಯದ ಗೆಡ್ಡೆ ಮೇಲಕ್ಕೆ ಬರುತ್ತದೆ. ಬೇರು ಬಿಟ್ಟ ಐರಿಸ್ ನಿಮ್ಮೂರಿನ ಚಳಿಯನ್ನು ಚೆನ್ನಾಗಿಯೇ ತಡೆದುಕೊಳ್ಳುತ್ತದೆ. ಅದಕ್ಕೇ ಜುಲೈ ಕೊನೆಯಿಂದ ಆಗಸ್ಟ್ ಒಳಗೆ ನೆಡುವುದು ಒಳ್ಳೆಯದು. ಜೋರು ಚಳಿ ಬರುವ ಮುಂಚೆ ಕನಿಷ್ಠ 6 ವಾರ ಬೇಕು.

ಎದ್ದ ಗೆಡ್ಡೆಯನ್ನು ಬಲವಾಗಿ ಒಳಗೆ ತಳ್ಳಬೇಡಿ, ಎಳೆ ಬೇರು ಮುರಿಯುತ್ತದೆ. ಸುತ್ತ ಮಣ್ಣು ಏರಿಸಿ, ಮೆಲ್ಲಗೆ ಒತ್ತಿ. ಬೆನ್ನು ಮಾತ್ರ ಬಿಸಿಲಿಗೆ ಕಾಣುವ ಹಾಗಿರಲಿ.

ಪ್ರಶ್ನೆ:
ಒತ್ತಿ ನೋಡಿದೆ. ಎರಡು ಮೆತ್ತಗಿವೆ, ಒಂದಂತೂ ವಿಪರೀತ ನಾರುತ್ತಿದೆ.

ಉತ್ತರ:
ಅದು ಮೆದು ಕೊಳೆ ರೋಗ. ಚಳಿಗೆ ಗಾಯವಾದ ಕಡೆಯಿಂದ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ. ಎರಡನ್ನೂ ಇವತ್ತೇ ತೆಗೆಯಿರಿ, ತಡ ಮಾಡಬೇಡಿ. ಕೊಳೆತ ಭಾಗವನ್ನು ಗಟ್ಟಿ ಬಿಳಿ ತಿರುಳು ಕಾಣುವ ತನಕ ಕೊಯ್ಯಿರಿ. 1 ಪಾಲು ಬ್ಲೀಚ್‌ಗೆ 9 ಪಾಲು ನೀರು ಬೆರೆಸಿ, ಪ್ರತಿ ಸಲ ಕೊಯ್ದ ಮೇಲೆ ಚಾಕುವನ್ನು ಅದರಲ್ಲಿ ಅದ್ದಿ. ಉಳಿದ ತುಂಡನ್ನು ಒಂದೆರಡು ದಿನ ಒಣಗಿಸಿ, ಬೇರೆ ಜಾಗದಲ್ಲಿ ನೆಡಿ. ಪೂರ್ತಿ ಮೆತ್ತಗಾಗಿದ್ದರೆ ಕಸಕ್ಕೆ ಹಾಕಿ. ಸಾರಜನಕ ಜಾಸ್ತಿ ಇರುವ ಗೊಬ್ಬರ ಈಗ ಬೇಡವೇ ಬೇಡ.

ಈ ವರ್ಷ ಹೂವು ಬರದೇ ಇರಬಹುದು. ಪಕ್ಕದಲ್ಲಿ ಮರಿ ಗೆಡ್ಡೆ ಬಂದರೆ ಮುಂದಿನ ವರ್ಷ ನೋಡಬಹುದು.

ಪ್ರಶ್ನೆ:
ಮುಂದಿನ ಚಳಿಗಾಲಕ್ಕೆ ಒಣಹುಲ್ಲು ಮುಚ್ಚಬೇಕಾ?

ಉತ್ತರ:
ಹೊಸದಾಗಿ ನೆಟ್ಟವಕ್ಕೆ ಮುಚ್ಚಿ, ಆದರೆ ಮಣ್ಣು ಹೆಪ್ಪುಗಟ್ಟಿದ ಮೇಲೆ. ಹುಲ್ಲು ಹಾಕುವುದು ಬೆಚ್ಚಗಿಡಲು ಅಲ್ಲ, ಹೆಪ್ಪುಗಟ್ಟಿದ ಮಣ್ಣು ನಡುವೆ ಕರಗದಿರಲಿ ಅಂತ. ವಸಂತದಲ್ಲಿ ಚಿಗುರು ಕಂಡ ಕೂಡಲೇ ತೆಗೆದುಬಿಡಿ, ಇಲ್ಲದಿದ್ದರೆ ತೇವ ನಿಂತು ಮತ್ತೆ ಕೊಳೆಯುತ್ತದೆ.